ನಾಲ್ಕು ವರ್ಷದ ಮಗುವಿಗೆ ‘ತುಂಟ’ನ ಪಟ್ಟ ಕಟ್ಟಿದವರು ಯಾರು?

ಪ್ರಶ್ನೆ: ನಾನು ತಿಪಟೂರಿನ ಪ್ರೌಢಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಹೇಳಿಕೊಡುತ್ತೇನೆ. ಎಂಟನೇ ತರಗತಿಯಲ್ಲಿ ರಾಜಪ್ರಭುತ್ವದ ಮಾತು ಬಂದಾಗ ಮಕ್ಕಳು ಇಂಗ್ಲೆಂಡಿನ ರಾಜಮನೆತನದ ಮೂವರು ಮಕ್ಕಳ ಬಗ್ಗೆ ನನಗಿಂತ ಚೆನ್ನಾಗಿ ಮಾತಾಡಿದರು. ದೊಡ್ಡವನು ಗಂಭೀರ, ಹುಡುಗಿ ಜೋರು, ಚಿಕ್ಕವನು ತುಂಟ ಎಂದು ಎಲ್ಲರದ್ದೂ ಒಂದೇ ಮಾತು. ಎಲ್ಲ ರೀಲ್ಸ್ ನೋಡಿ ತಿಳಿದದ್ದು. ಮೈಸೂರು ಅರಮನೆಯ ಪುಟ್ಟ ಮಕ್ಕಳ ಬಗ್ಗೆಯೂ ಹೀಗೇ ಮಾತಾಡುತ್ತಾರೆ. ಮಾಧ್ಯಮಗಳು ಇದ್ದದ್ದನ್ನು ತೋರಿಸುತ್ತಿವೆಯೋ, ಇಲ್ಲದ ಸ್ವಭಾವವನ್ನು ಆ ಮಕ್ಕಳ ಮೇಲೆ ಹೊರಿಸುತ್ತಿವೆಯೋ? ಅರಮನೆಯವರೂ ಇದರಲ್ಲಿ ಪಾಲುದಾರರಲ್ಲವೇ? ತರಗತಿಯಲ್ಲಿ ಇದನ್ನು ಹೇಗೆ ಚರ್ಚಿಸಲಿ?

ಉತ್ತರ: ಎಲ್ಲರದ್ದೂ ಒಂದೇ ಮಾತು ಎಂದಿರಲ್ಲ, ಅದರಲ್ಲೇ ಅರ್ಧ ಉತ್ತರ ಇದೆ. ಹತ್ತಿರದಿಂದ ಕಂಡ ಮಗುವಿನ ಬಗ್ಗೆ ಯಾರಲ್ಲೂ ಒಮ್ಮತ ಇರುವುದಿಲ್ಲ. ಅಜ್ಜಿ ಒಂದು ಹೇಳಿದರೆ ಮೇಷ್ಟ್ರು ಇನ್ನೊಂದು ಹೇಳುತ್ತಾರೆ, ಜೊತೆಗೆ ಗೋಲಿ ಆಡುವ ಹುಡುಗ ಮೂರನೆಯದನ್ನು ಹೇಳುತ್ತಾನೆ. ಎಂದೂ ಕಾಣದ, ಎಂದೂ ಮಾತಾಡಿಸದ ಮೂರು ಮಕ್ಕಳ ಬಗ್ಗೆ ತಿಪಟೂರಿನ ಒಂದು ತರಗತಿ ಪೂರ್ತಿ ಒಂದೇ ಅಭಿಪ್ರಾಯ ಇಟ್ಟುಕೊಂಡಿದೆ ಎಂದರೆ ಆ ಅಭಿಪ್ರಾಯ ಆ ಮಕ್ಕಳಿಂದ ಬಂದದ್ದಲ್ಲ.

ತುಮಕೂರಿನಲ್ಲಿ ಪತ್ರಿಕೋದ್ಯಮ ಪಾಠ ಮಾಡುವವನಾಗಿ ನಾನು ವಿದ್ಯಾರ್ಥಿಗಳಿಗೆ ಮೊದಲು ಹೇಳುವುದು ಇದು: ರಾಜಮನೆತನದ ಮಗು ಹುಟ್ಟುವ ಮೊದಲೇ ಅದಕ್ಕೊಂದು ಪಾತ್ರ ಸಿದ್ಧವಾಗಿರುತ್ತದೆ. ಪಾತ್ರವನ್ನು ನಿರ್ಧರಿಸುವುದು ಮಗುವಿನ ಗುಣವಲ್ಲ, ಉತ್ತರಾಧಿಕಾರದ ಸಾಲಿನಲ್ಲಿ ಅದಕ್ಕೆ ಸಿಕ್ಕ ಜಾಗ. ಮೊದಲನೆಯದು ಗಂಭೀರವಾಗಿರಬೇಕು, ಏಕೆಂದರೆ ನಾಳೆ ಕಿರೀಟ ಹೊರಬೇಕು. ಕೊನೆಯದು ತುಂಟವಾಗಿರಬಹುದು, ಏಕೆಂದರೆ ಅದರ ಮೇಲೆ ಯಾವ ಭಾರವೂ ಇಲ್ಲ. ನಡುವೆ ಹೆಣ್ಣುಮಗು ಇದ್ದರೆ ಅವಳು ವಯಸ್ಸಿಗೆ ಮೀರಿದ ಜಾಣೆ, ಅಣ್ಣತಮ್ಮಂದಿರನ್ನು ಅಂಕೆಯಲ್ಲಿ ಇಡುವವಳು. ಕ್ಯಾಮೆರಾ ಬರುವುದು ಆಮೇಲೆ. ಅದು ಈ ಪಾತ್ರಕ್ಕೆ ಒಪ್ಪುವ ಚೌಕಟ್ಟುಗಳನ್ನು ಆರಿಸಿಕೊಳ್ಳುತ್ತದೆ, ಒಪ್ಪದವುಗಳನ್ನು ಬಿಡುತ್ತದೆ.

ನಿಮ್ಮ ಮಕ್ಕಳು ನೋಡಿರುವ ರೀಲ್ಸ್‌ಗಳಲ್ಲಿ ಬಹುಪಾಲು 2022ರ ಜೂನ್ ತಿಂಗಳವು ಇರಬೇಕು. ಎರಡನೇ ಎಲಿಜಬೆತ್ ರಾಣಿ ಪಟ್ಟಕ್ಕೆ ಬಂದು 70 ವರ್ಷ ತುಂಬಿದ ಸಂಭ್ರಮ. ಜೂನ್ 2ರಂದು ಬಕಿಂಗ್‌ಹ್ಯಾಮ್ ಅರಮನೆಯ ಉಪ್ಪರಿಗೆಯ ಮೇಲೆ ರಾಜಮನೆತನ ನಿಂತಿತ್ತು, ವಾಯುಪಡೆಯ ವಿಮಾನಗಳು ತಲೆಯ ಮೇಲೆ ಹಾರಿಹೋದವು. ರಾಣಿಯ ಮೊಮ್ಮಗ ವಿಲಿಯಮ್ ಅವರ ಕಿರಿಯ ಮಗ ಲೂಯಿ ಎರಡೂ ಕಿವಿ ಮುಚ್ಚಿಕೊಂಡು ಕಿರುಚಿದ. ಮೂರು ದಿನಗಳ ನಂತರ ಗಂಟೆಗಟ್ಟಲೆ ನಡೆದ ಮೆರವಣಿಗೆಯಲ್ಲಿ ಮುಖ ಸೊಟ್ಟಗೆ ಮಾಡಿದ, ಅಮ್ಮನ ಬಾಯಿಗೆ ಕೈ ಅಡ್ಡ ಹಿಡಿದ, ಕೊನೆಗೆ ತಾತ ಚಾರ್ಲ್ಸ್ ಅವರ ತೊಡೆ ಏರಿ ಕುಳಿತ. ಆಗ ಅವನಿಗೆ ನಾಲ್ಕು ವರ್ಷ. ನಾಲ್ಕು ವರ್ಷದ ಮಗು ವಿಮಾನದ ಸದ್ದಿಗೆ ಕಿವಿ ಮುಚ್ಚಿಕೊಳ್ಳದೆ ಇನ್ನೇನು ಮಾಡಬೇಕಿತ್ತು? ಸಿದ್ಧಗಂಗೆಯ ಜಾತ್ರೆಯ ನೂಕುನುಗ್ಗಲಿನಲ್ಲಿ ಬಿಸಿಲಿಗೆ ಸೋತ ಮಕ್ಕಳನ್ನು ನೋಡಿ. ಇಂಥ ಹತ್ತು ಲೂಯಿಗಳು ಸಿಗುತ್ತಾರೆ, ಅವರನ್ನು ಯಾರೂ ಸ್ವಭಾವತಃ ತುಂಟರು ಎಂದು ಬರೆದಿಡುವುದಿಲ್ಲ. ಆದರೆ ಜಗತ್ತಿನ ಪತ್ರಿಕೆಗಳೆಲ್ಲ ಅವನನ್ನು ಮುಖಪುಟಕ್ಕೆ ಹಾಕಿದವು. ಸುಮ್ಮನೆ ಕುಳಿತಿದ್ದ ಗಂಟೆಗಳನ್ನು ಬಿಟ್ಟು ಮುಖ ಸೊಟ್ಟಗಾದ ಸೆಕೆಂಡುಗಳನ್ನು ಕತ್ತರಿಸಿ ಜೋಡಿಸಿದರು. ಅಂದಿನಿಂದ ಆ ಮಗು ಎಲ್ಲಿ ಕಂಡರೂ ಛಾಯಾಗ್ರಾಹಕರು ಅದೇ ಮುಖಕ್ಕೆ ಕಾಯುತ್ತಾರೆ. ಕಾದವರಿಗೆ ಸಿಗದೇ ಇರುತ್ತದೆಯೇ?

ಅದೇ ವರ್ಷ ಸೆಪ್ಟೆಂಬರ್ 19ರಂದು ರಾಣಿಯ ಅಂತ್ಯಸಂಸ್ಕಾರ. ಏಳು ವರ್ಷದ ಷಾರ್ಲಟ್ ಅಣ್ಣನ ಕಡೆ ತಿರುಗಿ ಏನೋ ಪಿಸುಗುಟ್ಟಿದಳು. ತಲೆಬಾಗಬೇಕು ಎಂದು ಅಣ್ಣನಿಗೆ ಹೇಳಿಕೊಟ್ಟಳಂತೆ ಎಂದು ತುಟಿಯ ಚಲನೆ ನೋಡಿ ಬರೆದರು. ಮುತ್ತಜ್ಜಿಯ ಶವಪೆಟ್ಟಿಗೆಯ ಮುಂದೆ ನಿಂತ ಮಗುವಿನ ಪಿಸುಮಾತನ್ನೂ ಓದಬಹುದು ಎಂದು ಭಾವಿಸಿದ್ದೇ ನನಗೆ ಸಂಕಟದ ವಿಷಯ. ಇಷ್ಟಕ್ಕೆ ‘ಜೋರು ಹುಡುಗಿ’ ಸಿದ್ಧ. ಇದೇ ಹುಡುಗಿಯ ಬಗ್ಗೆ ನಿಜಕ್ಕೂ ದೊಡ್ಡದಾದ ಒಂದು ಸುದ್ದಿ ಇತ್ತು. 2015ರ ಮಾರ್ಚ್‌ನಲ್ಲಿ ಜಾರಿಗೆ ಬಂದ ಉತ್ತರಾಧಿಕಾರ ಕಾಯ್ದೆಯಿಂದಾಗಿ 2018ರಲ್ಲಿ ತಮ್ಮ ಹುಟ್ಟಿದರೂ ಅವಳು ಸಾಲಿನಲ್ಲಿ ಹಿಂದಕ್ಕೆ ಸರಿಯಲಿಲ್ಲ. ಗಂಡುಮಗು ಹುಟ್ಟಿದರೆ ಅಕ್ಕ ಹಿಂದೆ ನಿಲ್ಲಬೇಕೆಂಬ ಶತಮಾನಗಳ ನಿಯಮ ಮುರಿದದ್ದು ಅವಳ ಕಾಲದಲ್ಲಿ. ಈ ವಿಷಯ ನಿಮ್ಮ ತರಗತಿಯಲ್ಲಿ ಎಷ್ಟು ಮಕ್ಕಳಿಗೆ ಗೊತ್ತಿತ್ತು, ಕೇಳಿ ನೋಡಿ.

ದೊಡ್ಡವನಾದ ಜಾರ್ಜ್‌ನ ಕಥೆಯಲ್ಲಿ ಗಂಭೀರತೆಯ ಜೊತೆಗೆ ವ್ಯಾಪಾರವೂ ಇದೆ. 2016ರ ಏಪ್ರಿಲ್‌ನಲ್ಲಿ ಅಮೆರಿಕದ ಅಧ್ಯಕ್ಷ ಒಬಾಮಾ ಮನೆಗೆ ಬಂದಾಗ ಆ ಎರಡು ವರ್ಷದ ಮಗು ರಾತ್ರಿ ತೊಡುವ ಬಿಳಿ ನಿಲುವಂಗಿಯಲ್ಲಿ ಕೈಕುಲುಕಿತು. ಚಿತ್ರ ಹೊರಬಿದ್ದ ಕೂಡಲೇ ಆ ನಿಲುವಂಗಿ ಅಂಗಡಿಗಳಲ್ಲಿ ಖಾಲಿ. ಇದು ಹೊಸದೇನಲ್ಲ. 1929ರ ಏಪ್ರಿಲ್‌ನಲ್ಲಿ ಅಮೆರಿಕದ ಟೈಮ್ ಪತ್ರಿಕೆ ಆಗತಾನೇ ಮೂರು ತುಂಬಿದ್ದ ಎಲಿಜಬೆತ್‌ಳನ್ನು ಮುಖಪುಟಕ್ಕೆ ಹಾಕಿ, ಎಳೆಮಕ್ಕಳಿಗೆ ಹಳದಿ ಬಟ್ಟೆ ತೊಡಿಸುವ ಫ್ಯಾಷನ್ ಇವಳಿಂದ ಬಂತು ಎಂದು ಬರೆದಿತ್ತು. ಆಗ ಅವಳು ರಾಣಿಯಾಗುತ್ತಾಳೆಂದು ಯಾರೂ ಎಣಿಸಿರಲಿಲ್ಲ. 2019ರ ಆಗಸ್ಟ್‌ನಲ್ಲಿ ಇನ್ನೊಂದು ನಡೆಯಿತು. ಆರು ವರ್ಷದ ಜಾರ್ಜ್ ಶಾಲೆಯಲ್ಲಿ ಬ್ಯಾಲೆ ನೃತ್ಯ ಕಲಿಯುತ್ತಾನೆ ಎಂಬುದನ್ನು ಅಮೆರಿಕದ ಟಿ.ವಿ. ನಿರೂಪಕಿಯೊಬ್ಬರು ನಗುತ್ತಾ ಹೇಳಿದರು, ಸ್ಟುಡಿಯೋದಲ್ಲಿದ್ದವರೂ ನಕ್ಕರು. ಸುಮಾರು 300 ನೃತ್ಯಪಟುಗಳು ನ್ಯೂಯಾರ್ಕಿನ ಟೈಮ್ಸ್ ಸ್ಕ್ವೇರ್‌ನಲ್ಲಿ ಸ್ಟುಡಿಯೋದ ಹೊರಗೇ ಬ್ಯಾಲೆ ಮಾಡಿ ಉತ್ತರ ಕೊಟ್ಟರು, ನಿರೂಪಕಿ ಕ್ಷಮೆ ಕೇಳಿದರು. ನಕ್ಕದ್ದು ಏಕೆ? ಭಾವೀ ರಾಜನ ಪಾತ್ರಕ್ಕೆ ಬ್ಯಾಲೆ ಒಪ್ಪಲಿಲ್ಲ, ಅಷ್ಟೇ.

ಇದರಿಂದ ಮಗುವಿಗೆ ಏನಾಗುತ್ತದೆ ಎಂದು ನೀವು ನೇರವಾಗಿ ಕೇಳಿಲ್ಲ, ಆದರೆ ಅದೇ ಮುಖ್ಯ. ಈ ಪ್ರಶ್ನೆಗೆ ನಮ್ಮ ಊಹೆ ಬೇಕಿಲ್ಲ. ಹಾಗೆ ಬೆಳೆದ ಒಬ್ಬ ಮಗುವೇ ದೊಡ್ಡವನಾಗಿ ನ್ಯಾಯಾಲಯದಲ್ಲಿ ಪ್ರಮಾಣ ಮಾಡಿ ಹೇಳಿದ್ದಾನೆ. 2023ರ ಜೂನ್‌ನಲ್ಲಿ ಡಯಾನಾ ಅವರ ಕಿರಿಯ ಮಗ, ವಿಲಿಯಮ್ ಅವರ ತಮ್ಮ ಹ್ಯಾರಿ, ಮಿರರ್ ಪತ್ರಿಕಾ ಸಮೂಹದ ವಿರುದ್ಧ ಲಂಡನ್ನಿನ ಹೈಕೋರ್ಟಿನ ಸಾಕ್ಷಿ ಕಟಕಟೆ ಏರಿದರು. ರಾಜಮನೆತನದ ಪ್ರತಿಯೊಬ್ಬರಿಗೂ ಟ್ಯಾಬ್ಲಾಯ್ಡ್ ಪತ್ರಿಕೆಗಳು ಒಂದೊಂದು ಪಾತ್ರ ಹಂಚಿಬಿಡುತ್ತವೆ, ತನಗೆ ಸಿಕ್ಕದ್ದು ದಡ್ಡ, ಮೋಸಗಾರ, ವಯಸ್ಸಿಗೆ ಮೊದಲೇ ಕುಡಿಯುವವ ಎಂಬ ಪಾತ್ರ, ಕೊನೆಗೆ ತಾನೇ ಆ ಶೀರ್ಷಿಕೆಗಳಿಗೆ ತಕ್ಕಂತೆ ನಡೆದುಕೊಳ್ಳತೊಡಗಿದೆ ಎಂಬುದು ಅವರ ಲಿಖಿತ ಹೇಳಿಕೆಯ ತಿರುಳು. ಡಿಸೆಂಬರ್ 15ರಂದು ತೀರ್ಪು ಬಂತು. ಪರೀಕ್ಷೆಗೆ ತೆಗೆದುಕೊಂಡ 33 ಲೇಖನಗಳಲ್ಲಿ 15 ಲೇಖನಗಳು ಫೋನ್ ಕದ್ದಾಲಿಕೆಯಿಂದ ಅಥವಾ ಬೇರೆ ಅಕ್ರಮ ದಾರಿಯಿಂದ ಬಂದವು ಎಂದು ನ್ಯಾಯಾಧೀಶರು ಹೇಳಿದರು. 1,40,600 ಪೌಂಡ್ ಪರಿಹಾರ. ಹಣ ಅತ್ತ ಇರಲಿ. ಪತ್ರಿಕೆ ಬರೆದದ್ದನ್ನು ಓದಿ ಒಬ್ಬ ಹುಡುಗ ಅದರಂತೆ ಆಗತೊಡಗಿದ ಎಂಬ ಮಾತು ನ್ಯಾಯಾಲಯದ ಕಡತದಲ್ಲಿದೆ. ಪ್ರತಿ ವರ್ಷ ಹೊಸ ತಂಡಕ್ಕೆ ಈ ಭಾಗವನ್ನು ಓದಿಸುವಾಗ ತರಗತಿಯಲ್ಲಿ ಯಾರೂ ಮಾತಾಡುವುದಿಲ್ಲ. ಹಳ್ಳಿಯ ಶಾಲೆಯಲ್ಲಿ ‘ಮೊದ್ದು’ ಎನ್ನಿಸಿಕೊಂಡು ಬಂದವರು ಅವರಲ್ಲೂ ಇರುತ್ತಾರಲ್ಲ.

ನಮ್ಮ ಗುಬ್ಬಿಯ ಕಂಪನಿ ನಾಟಕಗಳಲ್ಲೂ ಮಕ್ಕಳು ಬಾಲ್ಯದಲ್ಲೇ ಪಾತ್ರ ಕಟ್ಟುತ್ತಿದ್ದರು. 1884ರಲ್ಲಿ ಹುಟ್ಟಿದ ಆ ಸಂಘಕ್ಕೆ ವೀರಣ್ಣನವರೇ ಹುಡುಗನಾಗಿ ಬಂದು ಸೇರಿದವರು. ಆದರೆ ಅಲ್ಲಿ ಪರದೆ ಬೀಳುತ್ತಿತ್ತು, ಬಣ್ಣ ತೊಳೆದುಕೊಂಡ ಮೇಲೆ ಪ್ರಹ್ಲಾದ ಮತ್ತೆ ಮನೆಯ ಹುಡುಗ. ಅರಮನೆಯ ಮಗುವಿಗೆ ಬಣ್ಣ ತೊಳೆಯುವ ಕೋಣೆಯೇ ಇಲ್ಲ. ಪಾತ್ರದ ಹೆಸರೂ ಮಗುವಿನ ಹೆಸರೂ ಒಂದೇ.

ಇನ್ನು ಅರಮನೆಯ ಪಾಲು. ನಿಮ್ಮ ಅನುಮಾನ ಸರಿಯಾಗಿಯೇ ಇದೆ. ಆದರೆ ಅದು ಹೇಗೆ ಬೆಳೆಯಿತು ಎಂಬುದನ್ನು ಬಿಡಿಸಿ ನೋಡಿದರೆ ಅರಮನೆಯನ್ನು ಪೂರ್ತಿ ದೂರುವುದೂ ಕಷ್ಟ. 1997ರ ಆಗಸ್ಟ್ 31ರಂದು ಪ್ಯಾರಿಸ್‌ನಲ್ಲಿ ಡಯಾನಾ ತೀರಿಕೊಂಡರು. ಛಾಯಾಗ್ರಾಹಕರು ಬೈಕುಗಳಲ್ಲಿ ಬೆನ್ನಟ್ಟಿದ್ದ ಕಾರು ಅದು. ಆಗ ವಿಲಿಯಮ್‌ಗೆ 15, ಹ್ಯಾರಿಗೆ 12. ಜನರ ಸಿಟ್ಟಿಗೆ ಹೆದರಿ ಬ್ರಿಟನ್ನಿನ ಸಂಪಾದಕರು ತಮ್ಮ ನೀತಿಸಂಹಿತೆಯನ್ನು ಬಿಗಿ ಮಾಡಿಕೊಂಡರು. ಶಾಲೆಯ ದಿನಗಳನ್ನು ಮಕ್ಕಳು ಅನಗತ್ಯ ಕಿರಿಕಿರಿ ಇಲ್ಲದೆ ಮುಗಿಸಬೇಕು, ತಂದೆತಾಯಿಯ ಪ್ರಸಿದ್ಧಿಯೊಂದೇ ಕಾರಣವಾಗಿ ಮಗುವಿನ ಖಾಸಗಿ ಬದುಕನ್ನು ಅಚ್ಚು ಹಾಕಬಾರದು ಎಂಬ ನಿಯಮಗಳು ಆ ಸಂಹಿತೆಯಲ್ಲಿ ಈಗಲೂ ಇವೆ. ಅದರ ಬದಲಿಗೆ ಅರಮನೆ ಆಗಾಗ ಚಿತ್ರಗಳನ್ನು ತಾನೇ ಒದಗಿಸಬೇಕು ಎಂಬ ಒಡಂಬಡಿಕೆ ಬೆಳೆಯಿತು. ನೆದರ್‌ಲ್ಯಾಂಡ್ಸ್‌ನಲ್ಲಿ 2005ರಿಂದ ಇದಕ್ಕೊಂದು ಲಿಖಿತ ಮಾಧ್ಯಮ ಸಂಹಿತೆಯೇ ಇದೆ. ರಜೆಯಲ್ಲಿ ಒಂದು ದಿನ ರಾಜಕುಟುಂಬ ಕ್ಯಾಮೆರಾಗಳ ಮುಂದೆ ನಿಲ್ಲುತ್ತದೆ, ಉಳಿದ ದಿನ ಕ್ಯಾಮೆರಾಗಳು ದೂರ ನಿಲ್ಲಬೇಕು. 2009ರಲ್ಲಿ ಅಸೋಸಿಯೇಟೆಡ್ ಪ್ರೆಸ್ ಸಂಸ್ಥೆ ಆ ಗೆರೆ ದಾಟಿ ಕುಟುಂಬದ ರಜೆಯ ಚಿತ್ರಗಳನ್ನು ಹಂಚಿದಾಗ ನ್ಯಾಯಾಲಯ ಕುಟುಂಬದ ಪರವಾಗಿ ನಿಂತಿತು.

ಈ ಒಡಂಬಡಿಕೆ ಬೇಕಿತ್ತೇ ಎಂದು ಸಂಶಯ ಬಂದರೆ 2015ರ ಆಗಸ್ಟ್ 14ರಂದು ಕೆನ್ಸಿಂಗ್‌ಟನ್ ಅರಮನೆ ಹೊರಡಿಸಿದ ಪತ್ರವನ್ನು ನೆನೆಯಬೇಕು. ಮಕ್ಕಳು ಆಡುವ ಮೈದಾನದ ಹತ್ತಿರ ಒಬ್ಬ ಛಾಯಾಗ್ರಾಹಕ ಬಾಡಿಗೆ ಕಾರು ನಿಲ್ಲಿಸಿ, ಒಳಗೆ ಬಟ್ಟೆಯ ಪರದೆ ಇಳಿಬಿಟ್ಟು, ತಿಂಡಿ ನೀರು ಇಟ್ಟುಕೊಂಡು, ಡಿಕ್ಕಿಯಲ್ಲಿ ಅಡಗಿ ಕುಳಿತಿದ್ದ. ಬೇಟೆ ಎರಡು ವರ್ಷದ ಜಾರ್ಜ್. ಹೀಗಿರುವಾಗ ತಾಯಿಯೇ ಕ್ಯಾಮೆರಾ ಹಿಡಿದದ್ದು ಸಹಜ. ಮಕ್ಕಳ ಹುಟ್ಟುಹಬ್ಬಕ್ಕೆ ಕ್ಯಾಥರೀನ್ ತಾವೇ ತೆಗೆದ ಚಿತ್ರ ಬಿಡುಗಡೆ ಮಾಡುವುದು ರೂಢಿಯಾಯಿತು. ಕದ್ದು ತೆಗೆದ ಚಿತ್ರಕ್ಕೆ ಬೆಲೆ ಇಳಿಯಿತು. ಇದು ಒಳ್ಳೆಯದೇ.

ಆದರೆ ಇಲ್ಲಿ ಇನ್ನೊಂದು ತೊಡಕು ಹುಟ್ಟುತ್ತದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ಚಿತ್ರ ಒದಗಿಸುವವರು ಒಬ್ಬರೇ ಆದಾಗ ನಾವು ನೋಡುವುದು ಅವರು ತೋರಿಸಬೇಕೆಂದದ್ದನ್ನು ಮಾತ್ರ. 2024ರ ಮಾರ್ಚ್ 10ರಂದು ಬ್ರಿಟನ್ನಿನ ತಾಯಂದಿರ ದಿನಕ್ಕೆ ಕ್ಯಾಥರೀನ್ ಮೂವರು ಮಕ್ಕಳೊಂದಿಗೆ ಇರುವ ಚಿತ್ರ ಬಂತು. ಶಸ್ತ್ರಚಿಕಿತ್ಸೆಯ ನಂತರ ಅವರು ಕಾಣಿಸಿಕೊಂಡಿರಲಿಲ್ಲ, ಆದ್ದರಿಂದ ಇಡೀ ಲೋಕ ಆ ಚಿತ್ರವನ್ನು ಹಿಗ್ಗಿಸಿ ಹಿಗ್ಗಿಸಿ ನೋಡಿತು. ಷಾರ್ಲಟ್‌ಳ ತೋಳಿನ ಅಂಚು ಕೂಡಿಕೊಂಡಿರಲಿಲ್ಲ. ಅಸೋಸಿಯೇಟೆಡ್ ಪ್ರೆಸ್, ರಾಯಿಟರ್ಸ್, ಎಎಫ್‌ಪಿ, ಗೆಟ್ಟಿ ಸಂಸ್ಥೆಗಳು ತಿದ್ದಿದ ಚಿತ್ರವೆಂದು ಹಿಂದಕ್ಕೆ ತೆಗೆದುಕೊಂಡವು. ಮರುದಿನ ಕ್ಯಾಥರೀನ್ ತಿದ್ದಿದ್ದು ತಾನೇ ಎಂದು ಕ್ಷಮೆ ಕೋರಿದರು. ಸುದ್ದಿಸಂಸ್ಥೆಗಳು ಮಾಡಿದ್ದು ಸರಿ, ತಿದ್ದಿದ ಚಿತ್ರವನ್ನು ಸುದ್ದಿಯಾಗಿ ಕೊಡಬಾರದು. ಆದರೆ ಆಮೇಲಿನ ದಿನಗಳಲ್ಲಿ ನಡೆದದ್ದು ಪತ್ರಿಕೋದ್ಯಮವಾಗಿರಲಿಲ್ಲ. ಮಕ್ಕಳ ಬೆರಳು, ತೋಳು, ನಗುಗಳನ್ನು ಕೆಂಪು ಗೆರೆ ಸುತ್ತಿ ಲಕ್ಷಾಂತರ ಜನ ಹಂಚಿಕೊಂಡರು. ಮಾರ್ಚ್ 22ರಂದು ತನಗೆ ಕ್ಯಾನ್ಸರ್ ಎಂದು ಆ ತಾಯಿ ತಿಳಿಸಿದಾಗ, ಇದನ್ನು ಮಕ್ಕಳಿಗೆ ಅರ್ಥವಾಗುವಂತೆ ಹೇಳಲು ಸಮಯ ಬೇಕಾಯಿತು ಎಂದರು. ತಾಯಿಯ ಕಾಯಿಲೆಯನ್ನು ಮನೆಯಲ್ಲಿ ಕೇಳಿ ಅರಗಿಸಿಕೊಳ್ಳುತ್ತಿದ್ದ ಮಕ್ಕಳ ಮುಖವನ್ನೇ ಜಗತ್ತು ಪುರಾವೆಯಂತೆ ತಿರುಗಿಸಿ ತಿರುಗಿಸಿ ನೋಡುತ್ತಿತ್ತು. ಇದರಲ್ಲಿ ಅರಮನೆಗೂ ಪಾಲಿದೆ, ಸುದ್ದಿಮನೆಗೂ ಪಾಲಿದೆ, ಬೆರಳಾಡಿಸಿದ ನಮಗೂ ಪಾಲಿದೆ.

ಹಾಗಾದರೆ ಪತ್ರಿಕೆಯ ಬಾಯಿ ಮುಚ್ಚಿಸಬೇಕೇ? ಖಂಡಿತ ಬೇಡ. 1908ರಲ್ಲಿ ಮೈಸೂರು ಸಂಸ್ಥಾನ ಪತ್ರಿಕೆಗಳನ್ನು ಹತೋಟಿಗೆ ತರುವ ಕಾನೂನು ತಂದಿತ್ತು. ಅರಸೊತ್ತಿಗೆಯ ಬಗ್ಗೆ ಒಂದು ಧ್ವನಿ ಮಾತ್ರ ಕೇಳಿಸುವ ಸ್ಥಿತಿ ಯಾರಿಗೂ ಬೇಡ. ಅರಮನೆಯ ಖರ್ಚು, ಆಸ್ತಿ, ಅಧಿಕಾರದ ಬಗ್ಗೆ ಎಷ್ಟು ಬೇಕಾದರೂ ಬರೆಯಲಿ. ಅದರಲ್ಲಿ ಆರು ವರ್ಷದ ಮಗುವಿನ ಮುಖಕ್ಕೆ ಏನು ಕೆಲಸ?

ಕನ್ನಡ ನಾಡಿಗೂ ಈ ಕಥೆ ಹಳೆಯದು. ಕೊಡಗಿನ ಕೊನೆಯ ಅರಸ ಚಿಕ್ಕವೀರರಾಜೇಂದ್ರ 1834ರಲ್ಲಿ ರಾಜ್ಯ ಕಳೆದುಕೊಂಡು ಕಾಶಿಗೆ ಹೋದ, ಅಲ್ಲಿಂದ 1852ರಲ್ಲಿ ಮಗಳು ಗೌರಮ್ಮನನ್ನು ಕರೆದುಕೊಂಡು ಇಂಗ್ಲೆಂಡಿಗೆ ಹೊರಟ. ಹನ್ನೊಂದರ ಆಸುಪಾಸಿನ ಹುಡುಗಿ. ಆ ವರ್ಷವೇ ಅವಳಿಗೆ ದೀಕ್ಷಾಸ್ನಾನವಾಯಿತು, ವಿಕ್ಟೋರಿಯಾ ರಾಣಿಯೇ ಧರ್ಮಮಾತೆಯಾಗಿ ತನ್ನ ಹೆಸರು ಕೊಟ್ಟಳು. ರಾಜಮನೆತನಗಳ ಚಿತ್ರಕಾರ ವಿಂಟರ್‌ಹಾಲ್ಟರ್ ಅವಳನ್ನು ಚಿತ್ರಿಸಿದ. ಅವಳು ಹೋದಲ್ಲಿ ಬಂದಲ್ಲಿ ಅಂದಿನ ಇಂಗ್ಲೆಂಡ್ ಕಂಡದ್ದು ‘ಕ್ರೈಸ್ತಳಾದ ಭಾರತದ ರಾಜಕುಮಾರಿ’ಯನ್ನು. ಅವಳಿಗೂ ಪಾತ್ರ ಮೊದಲೇ ಸಿದ್ಧವಿತ್ತು: ಸಾಮ್ರಾಜ್ಯ ಸೋತವರನ್ನು ಎಷ್ಟು ಅಕ್ಕರೆಯಿಂದ ನೋಡಿಕೊಳ್ಳುತ್ತದೆ ನೋಡಿ ಎಂದು ಹೇಳುವುದಕ್ಕೆ ಒಂದು ಎಳೆಯ ಮುಖ ಬೇಕಿತ್ತು. 1864ರಲ್ಲಿ, ಇಪ್ಪತ್ತೆರಡರ ಹರೆಯದಲ್ಲಿ ಅವಳು ತೀರಿಕೊಂಡಳು. ಕೊಡಗಿನ ಹುಡುಗಿಗೆ ಲಂಡನ್ನಿನ ಚಳಿಯಲ್ಲಿ ಏನನ್ನಿಸುತ್ತಿತ್ತು ಎಂಬುದಕ್ಕೆ ಆ ವರ್ಣಚಿತ್ರದಲ್ಲಿ ಜಾಗವಿಲ್ಲ.

ಮೈಸೂರಿನ ವಿಷಯಕ್ಕೆ ಬಂದರೆ, ಇಲ್ಲಿ ನಾನು ಆ ಮಕ್ಕಳ ಹೆಸರು ಬರೆಯುವುದಿಲ್ಲ. ನಮ್ಮ ವಾದಕ್ಕೆ ಅದು ಬೇಕಿಲ್ಲ. ಸಂವಿಧಾನದ 1971ರ 26ನೇ ತಿದ್ದುಪಡಿಯ ನಂತರ ಭಾರತದ ಕಾನೂನಿನಲ್ಲಿ ರಾಜಕುಮಾರರೇ ಇಲ್ಲ, ರಾಜಧನವೂ ಇಲ್ಲ. 2017ರ ಡಿಸೆಂಬರ್‌ನಲ್ಲಿ ಆ ಮನೆಯಲ್ಲಿ ಗಂಡುಮಗು ಹುಟ್ಟಿದಾಗ ನಮ್ಮ ಸುದ್ದಿ ವಾಹಿನಿಗಳು ಹೇಗೆ ವರದಿ ಮಾಡಿದವು ನೆನಪಿದೆಯೇ? ‘ತಲಕಾಡು ಮರಳಾಗಿ, ಮಾಲಂಗಿ ಮಡುವಾಗಿ, ಮೈಸೂರು ದೊರೆಗೆ ಮಕ್ಕಳಾಗದಿರಲಿ’ ಎಂಬ ಅಲಮೇಲಮ್ಮನ ಶಾಪದ ಕಥೆ ಮತ್ತೆ ಮತ್ತೆ ತೆರೆಗೆ ಬಂತು. ಆ ಕಥೆ ನಮ್ಮ ಜನಪದದ ಆಸ್ತಿ, ಅದನ್ನು ಹೇಳಲಿ. ಆದರೆ ನಾಲ್ಕು ಶತಮಾನದ ಶಾಪವನ್ನು ಕಣ್ಣು ಬಿಡದ ಶಿಶುವಿನ ತೊಟ್ಟಿಲಿಗೆ ಕಟ್ಟಿದರೆ ಆ ಮಗು ನಾಳೆ ಶಾಲೆಗೆ ಹೋದಾಗ ಶಾಪ ಗೆದ್ದವನಾಗಿಯೇ ಹೋಗಬೇಕಾಗುತ್ತದೆ. ಅದರ ತಾಯಿಯ ಮೇಲೆ ಆ ಕಥೆ ಹೊರಿಸುವ ಭಾರವಂತೂ ಇನ್ನೂ ದೊಡ್ಡದು. ಪ್ರತಿ ದಸರೆಯ ಖಾಸಗಿ ದರ್ಬಾರಿನಲ್ಲಿ ಅಪ್ಪ ಸಿಂಹಾಸನ ಏರುವಾಗ ಕ್ಯಾಮೆರಾಗಳು ಮಗುವಿನ ಕಡೆಗೂ ತಿರುಗುತ್ತವೆ. 2024ರಿಂದ ತಂದೆ ಲೋಕಸಭಾ ಸದಸ್ಯರೂ ಹೌದು. ಅವರ ಸಂಸದೀಯ ಕೆಲಸದ ಬಗ್ಗೆ ಕಟುವಾಗಿ ಬರೆಯಿರಿ, ಮಗುವಿನ ಆಕಳಿಕೆಯನ್ನು ಬಿಟ್ಟುಬಿಡಿ.

ಅರಮನೆ ಇಲ್ಲದ ಊರಲ್ಲೂ ಯುವರಾಜರಿದ್ದಾರೆ. ತುಮಕೂರಿನ ಬಿ.ಎಚ್. ರಸ್ತೆಯಲ್ಲಿ ನಾಯಕರ ಹುಟ್ಟುಹಬ್ಬದ ಫ್ಲೆಕ್ಸ್‌ಗಳನ್ನು ನೋಡಿ, ಮೂಲೆಯಲ್ಲಿ ಕೈಮುಗಿದು ನಿಂತ ಪುಟ್ಟ ಮಗ ಇರುತ್ತಾನೆ. ಮುಂದಿನ ಅಭ್ಯರ್ಥಿಯ ಪರಿಚಯ ಅಲ್ಲೇ ಶುರು. ಸಿನಿಮಾ ಮನೆಗಳದ್ದೂ ಇದೇ ಕಥೆ. 2023ರ ಏಪ್ರಿಲ್‌ನಲ್ಲಿ ಚಿತ್ರರಂಗದ ಹೆಸರಾಂತ ಕುಟುಂಬವೊಂದರ ಹನ್ನೊಂದು ವರ್ಷದ ಹುಡುಗಿಯ ಆರೋಗ್ಯದ ಬಗ್ಗೆ ಯೂಟ್ಯೂಬ್ ಚಾನೆಲ್‌ಗಳು ಸುಳ್ಳು ಹಬ್ಬಿಸಿದಾಗ ದೆಹಲಿ ಹೈಕೋರ್ಟ್ ಆ ವಿಡಿಯೋಗಳನ್ನು ತೆಗೆಸಿತು. ಪ್ರಸಿದ್ಧರ ಮಗುವಾಗಲಿ ಸಾಮಾನ್ಯರ ಮಗುವಾಗಲಿ ಗೌರವಕ್ಕೆ ಸಮಾನ ಹಕ್ಕುದಾರ ಎಂಬುದು ನ್ಯಾಯಾಲಯದ ನಿಲುವು. 2015ರ ಬಾಲನ್ಯಾಯ ಕಾಯ್ದೆಯ 74ನೇ ಕಲಂ ಸಂಕಷ್ಟಕ್ಕೆ ಸಿಕ್ಕ ಮಕ್ಕಳ ಗುರುತನ್ನು ಕಾಪಾಡುತ್ತದೆ. ಪ್ರಸಿದ್ಧರ ಮಗುವನ್ನು ದಿನಬೆಳಗಾದರೆ ತೋರಿಸುವುದನ್ನು ಅದು ಮುಟ್ಟುವುದಿಲ್ಲ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟ್ 2017ರ ಆಗಸ್ಟ್ 24ರಂದು ಹೇಳಿದ ತೀರ್ಪಿಗೆ ಕಾರಣರಾದ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಅದನ್ನು ನಿಮ್ಮ ಮಕ್ಕಳಿಗೆ ಹೆಮ್ಮೆಯಿಂದ ಹೇಳಿ.

ತರಗತಿಯ ವಿಷಯ. ರೀಲ್ಸ್ ನೋಡಬೇಡಿ ಎಂದು ಶುರು ಮಾಡಬೇಡಿ, ಅಲ್ಲಿಗೇ ಚರ್ಚೆ ಮುಗಿಯುತ್ತದೆ. ನಾನು ಮಾಡುವುದು ಹೀಗೆ. ಒಂದೇ ಚಿತ್ರವನ್ನು ಅಡಿಬರಹ ಕತ್ತರಿಸಿ ಎರಡು ಗುಂಪಿಗೆ ಕೊಡುತ್ತೇನೆ. ಒಂದು ಗುಂಪಿಗೆ ‘ಬೇಸರಗೊಂಡ ರಾಜಕುಮಾರ’ ಎಂಬ ಸಾಲು, ಇನ್ನೊಂದಕ್ಕೆ ‘ಗಮನವಿಟ್ಟು ನೋಡುತ್ತಿರುವ ರಾಜಕುಮಾರ’ ಎಂಬ ಸಾಲು. ಎರಡೂ ಗುಂಪು ಆ ಮುಖದಲ್ಲಿ ತಮ್ಮ ಸಾಲಿಗೆ ಬೇಕಾದ್ದನ್ನು ಕಂಡುಕೊಳ್ಳುತ್ತವೆ, ಆಮೇಲೆ ಪರಸ್ಪರ ಓದಿದಾಗ ಬೆಚ್ಚುತ್ತವೆ. ಇದಾದ ಮೇಲೆ ಪ್ರಶ್ನೆಗಳು ತಾವಾಗಿ ಬರುತ್ತವೆ: ಈ ಚಿತ್ರ ತೆಗೆದವರು ಯಾರು, ಹಂಚಿದವರು ಯಾರು, ಇದೇ ದಿನ ಯಾಕೆ ಹಂಚಿದರು, ಮಗು ಏನು ಮಾಡಿತು ಎಂದು ಬರೆದಿದ್ದಾರೋ ಎಂಥದು ಎಂದು ಬರೆದಿದ್ದಾರೋ. ಈ ಕೊನೆಯ ಪ್ರಶ್ನೆಯನ್ನು ಬಿಡಬೇಡಿ. ಕಿವಿ ಮುಚ್ಚಿಕೊಂಡ ಎಂಬುದು ವರದಿ, ತುಂಟ ಎಂಬುದು ತೀರ್ಪು. ಎಂಟನೇ ತರಗತಿಯ ಮಕ್ಕಳಿಗೆ ಈ ವ್ಯತ್ಯಾಸ ಹಿಡಿಯುವುದು ಕಷ್ಟವೇನಲ್ಲ.

ಒಂದು ಎಚ್ಚರ. ಇದಕ್ಕೆ ಈಗಿನ ಅಪ್ರಾಪ್ತ ಮಕ್ಕಳ ಚಿತ್ರ ಬಳಸಿದರೆ ನಾವೂ ಅದೇ ಕೆಲಸ ಮಾಡಿದಂತೆ. 1929ರ ಎಲಿಜಬೆತ್ ಮುಖಪುಟ, ಗೌರಮ್ಮನ ವರ್ಣಚಿತ್ರ, ಬಾಲಕನಾಗಿದ್ದಾಗಲೇ ಪಟ್ಟಕ್ಕೆ ಬಂದ ನಾಲ್ವಡಿ ಕೃಷ್ಣರಾಜ ಒಡೆಯರ ಹಳೆಯ ಭಾವಚಿತ್ರ ಸಾಕು. ನಾಲ್ವಡಿಯವರು 1895ರಲ್ಲಿ ಗದ್ದುಗೆ ಏರಿದಾಗ ಹತ್ತು ವರ್ಷ, ನಿಮ್ಮ ವಿದ್ಯಾರ್ಥಿಗಳಿಗಿಂತ ಚಿಕ್ಕವರು. ಆ ಹುಡುಗನ ಬಗ್ಗೆ ಮಕ್ಕಳಿಂದಲೇ ಎರಡು ಅಡಿಬರಹ ಬರೆಸಿ, ವರದಿಯಂಥದೊಂದು, ತೀರ್ಪಿನಂಥದೊಂದು. ಕೊನೆಯ ಹತ್ತು ನಿಮಿಷ ನಿಮ್ಮ ಶಾಲೆಯ ವಾಟ್ಸ್ಆ್ಯಪ್ ಗುಂಪಿನ ಕಡೆ ತಿರುಗಿಸಿ. ವಾರ್ಷಿಕೋತ್ಸವದಲ್ಲಿ ಸಂಭಾಷಣೆ ಮರೆತು ಅತ್ತ ಹುಡುಗನ ವಿಡಿಯೋ, ಫಲಿತಾಂಶದ ದಿನ ಅಂಕ ಬಾರದವರ ಮುಖ, ಇವನ್ನು ಹಾಕುವ ಮೊದಲು ಯಾರನ್ನು ಕೇಳಬೇಕು ಎಂಬ ನಿಯಮವನ್ನು ಮಕ್ಕಳೇ ಬರೆದು, ಮುಂದಿನ ಪೋಷಕರ ಸಭೆಯಲ್ಲಿ ಅವರೇ ಓದಲಿ.